ಸಾಹುಕಾರನ ಮೈಕಮ್ಮ

ಅವರಿಬ್ಬರ ಪರಿಚಯವಾದದ್ದು ಅವಳ ಬಾಯಿತಪ್ಪಿನಿಂದ.

ರೇಸ್ ಟ್ರ್ಯಾಕಿನ ಪಕ್ಕದಲ್ಲಿ ಕಬ್ಬಿಣದ ಕಂಬಗಳ ಮೇಲೆ ನಿಂತ ಒಂದು ಗಾಜಿನ ಕೋಣೆ. ಅಲ್ಲಿ ಕೂತು ಮೈಕಿನಲ್ಲಿ ಓಟದ ವಿವರ ಹೇಳುವುದು ಅವಳ ಕೆಲಸ. ಸೇರಿದ ಮೊದಲ ಭಾನುವಾರವೇ ಎರಡು ಕೆಂಪು ಕಾರುಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ಬಂದವು. ತಿರುವಿನಲ್ಲಿ ಗೋಡೆಗೂ ಚಕ್ರಕ್ಕೂ ನಡುವೆ ಅಂಗೈಯಗಲದ ಜಾಗ. ಹಿಂದಿನ ಕಾರು ಅಷ್ಟರಲ್ಲೇ ನುಸುಳಿ ಮುಂದೆ ಹೋಯಿತು. ಅವಳು ಕುರ್ಚಿಯಿಂದ ಎದ್ದು ನಿಂತು ಬಾಯ್ತುಂಬ ಹೊಗಳಿದಳು. ಹೊಗಳಿದ್ದೇನೋ ಸರಿ, ಹೇಳಿದ ಹೆಸರು ಮಾತ್ರ ಇನ್ನೊಬ್ಬನದು.

ಓಟ ಮುಗಿದ ಮೇಲೆ ಮೆಟ್ಟಿಲುಗಳು ಧಡಧಡ ಅಂದವು. ಬೆವರಿನಲ್ಲಿ ತೊಯ್ದ ಸೂಟು, ಕಂಕುಳಲ್ಲಿ ಹೆಲ್ಮೆಟ್. ಬಾಗಿಲಲ್ಲಿ ಒಬ್ಬ ನಿಂತಿದ್ದ.

“ಮೇಡಂ, ಆ ತಿರುವಿಗೋಸ್ಕರ ಎಷ್ಟು ದಿನದಿಂದ ತಲೆ ಕೆಡಿಸ್ಕೊಂಡಿದ್ದೆ. ನೀವು ಒಂದೇ ಉಸಿರಲ್ಲಿ ಅದನ್ನ ಬೇರೆಯವನಿಗೆ ದಾನ ಮಾಡ್ಬಿಟ್ರಲ್ಲ!”

ಅವಳ ಮುಖಕ್ಕೆ ರಕ್ತ ನುಗ್ಗಿತು. “ಎರಡೂ ಕೆಂಪು ಇದ್ವು…”

“ಈಗ ಮೂರಾಯ್ತು,” ಎಂದ ಅವನು, ಅವಳ ಕೆನ್ನೆ ನೋಡುತ್ತ.

“ತಪ್ಪಾಯ್ತು. ಈಗ್ಲೇ ಮೈಕಲ್ಲಿ ಸರಿ ಮಾಡ್ತೀನಿ.”

“ಬೇಡ ಬಿಡಿ. ಅವನ ಹೆಂಡತಿ ಕೆಳಗೆ ಕೂತಿದಾಳೆ. ಇವತ್ತೊಂದಿನ ಮನೇಲಿ ಅವನಿಗೂ ಸ್ವಲ್ಪ ಮರ್ಯಾದೆ ಸಿಗ್ಲಿ.”

ಟ್ರ್ಯಾಕಿನಲ್ಲಿ ಎಲ್ಲರೂ ಅವನನ್ನು ಸಾಹುಕಾರ ಎನ್ನುತ್ತಿದ್ದರು. ಜೇಬು ಸದಾ ಖಾಲಿ, ಗತ್ತು ಮಾತ್ರ ಸಾಹುಕಾರನದು. ಅವನು ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟ. ನಾಲ್ಕು ದಿನದಲ್ಲಿ ಗೇಟಿನ ಕಾವಲುಗಾರನೂ ಅವಳನ್ನು ಹಾಗೇ ಕರೆಯತೊಡಗಿದ.

ಅವನು ಮಾತಾಡಿಸಿದರೆ ಎದುರಿಗಿದ್ದವರಿಗೆ, ಈ ಲೋಕದಲ್ಲಿ ಇವನಿಗೆ ನನ್ನನ್ನು ಬಿಟ್ಟು ಬೇರೆ ಕೆಲಸವೇ ಇಲ್ಲ ಎನಿಸುತ್ತಿತ್ತು. ಟೈರು ಉರುಳಿಸುವವನ ಮಗಳ ಪರೀಕ್ಷೆ, ಟಿಕೆಟ್ ಕೊಡುವವಳ ಹಲ್ಲುನೋವು, ಎಲ್ಲವೂ ಅವನಿಗೆ ನೆನಪಿರುತ್ತಿತ್ತು. ಹೆಂಗಸರ ವಿಷಯದಲ್ಲಿ ಅವನ ಬಗ್ಗೆ ಮಾತುಗಳಿದ್ದವು. ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಲು ನೋಡುತ್ತಿದ್ದಳು, ಆದರೆ ಆ ಮಾತುಗಳು ಒಳಗೇ ಉಳಿದುಬಿಡುತ್ತಿದ್ದವು.

ಒಂದು ದಿನ ಅವನು ತನ್ನ ಶೆಡ್ಡಿಗೆ ಕರೆದುಕೊಂಡು ಹೋದ. ತಗಡಿನ ಸೂರಿನ ಕೆಳಗೆ ನಾಲ್ಕು ಹಳೆಯ ಕಾರುಗಳಿದ್ದವು. ಮೂರಕ್ಕೆ ಚಕ್ರವಿಲ್ಲ. ನಾಲ್ಕನೆಯದು ಮರೂನ್ ಬಣ್ಣದ ತೆರೆದ ಕಾರು, ತಟ್ಟೆಯಂಥ ಎರಡು ಹೆಡ್‌ಲೈಟು, ಮರದ ಸ್ಟೀರಿಂಗ್. ಅದರ ಹೆಸರು ದೊಡ್ಡಮ್ಮ.

“ನಮ್ಮಮ್ಮನಿಗಿಂತ ದೊಡ್ಡೋಳು. ಅದಕ್ಕೇ ದೊಡ್ಡಮ್ಮ,” ಎಂದ.

ಶೆಡ್ಡಿನ ಹಿಂದೆಯೇ ಮನೆ. ಅಡುಗೆಮನೆಯ ಕಿಟಕಿಯಿಂದ ಅವನ ತಾಯಿ ಕೂಗಿದರು: “ನಂಗೊಬ್ಬ ಅಕ್ಕ ಇದ್ದಿದ್ರೆ ಹಿಂಗೆ ಹೊಗೆ ಉಗುಳ್ತಾ ಇರ್ಲಿಲ್ಲ ಕಣೋ!”

ಅವನು ಬಟ್ಟೆಯಿಂದ ಬಾನೆಟ್ ಒರೆಸುತ್ತಿದ್ದ. ಟ್ರ್ಯಾಕಿನಲ್ಲಿ ಹುಲಿಯಂತಿದ್ದವನು ಇಲ್ಲಿ ಕೂಸಿನ ಮೈ ಒರೆಸುವವನಂತೆ ಕಂಡ. ಆಗಾಗ ತಲೆಯೆತ್ತಿ ಅವಳನ್ನು ನೋಡುವುದು, ಅವಳು ನೋಡಿದರೆ ಮತ್ತೆ ಬಾನೆಟ್ಟಿಗೆ ಬಗ್ಗುವುದು.

“ಹಿಂಗೆ ಎಲ್ಲರನ್ನೂ ನೋಡ್ತೀರಾ?” ಅವಳು ಕೇಳಿಯೇಬಿಟ್ಟಳು.

“ನೋಡ್ತೀನಿ.”

“ನಾಚಿಕೆ ಆಗಲ್ವಾ?”

“ಅವರು ನೋಡಿದ್ರೆ ಆಗಲ್ಲ. ನೀವು ನೋಡಿದ್ರೆ ಆಗುತ್ತೆ. ಅದಕ್ಕೇ ಈ ಜಾಗ ಇಷ್ಟು ಹೊಳೀತಿರೋದು, ಒಂದೇ ಕಡೆ ಉಜ್ತಾ ಇದೀನಿ.”

ಅಷ್ಟಾದರೂ ಮೂರು ವರ್ಷ ಇಬ್ಬರೂ ಬಾಯಿ ಬಿಡಲಿಲ್ಲ. ಅವನು ಗೆದ್ದಾಗ ಗಾಜಿನ ಕೋಣೆಯ ಕಡೆಗೆ ಕೈಯೆತ್ತುತ್ತಿದ್ದ, ಅವಳು ಮೈಕಿನಲ್ಲಿ ಅವನ ಹೆಸರನ್ನು ಬೇರೆಯವರ ಹೆಸರಿಗಿಂತ ನಿಧಾನವಾಗಿ ಹೇಳುತ್ತಿದ್ದಳು. ಅವಳು ಅವನ ಮಾತಿಗೆ ಕಾದಳು. ಅವನೂ ಯಾವುದಕ್ಕೋ ಕಾಯುತ್ತಿದ್ದ. ವಯಸ್ಸಿದೆ, ಆರೋಗ್ಯವಿದೆ, ಏನವಸರ ಎಂದುಕೊಂಡಿದ್ದರೇನೋ.

ಮೊದಲು ಸ್ಪ್ಯಾನರ್ ಕೈಜಾರಿತು. ಆಮೇಲೆ ಕಾಫಿ ಲೋಟ. ಒಂದು ಓಟದಲ್ಲಿ ಅವನು ಗೇರ್ ಹಾಕುವುದು ತಡವಾಗಿ, ಗೆಲ್ಲಬೇಕಾದವನು ಐದನೆಯವನಾದ. ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಿ ನೋಡಿದ. ಅದರಲ್ಲಿ ಏನೂ ಕೆಟ್ಟಿರಲಿಲ್ಲ.

ಓಟವಿಲ್ಲದ ಒಂದು ಮಂಗಳವಾರ ಅವನು ಮೆಟ್ಟಿಲು ಹತ್ತಿ ಬಂದ. ಧಡಧಡ ಸದ್ದಿರಲಿಲ್ಲ, ಕಂಬಿ ಹಿಡಿದು ಒಂದೊಂದೇ ಹೆಜ್ಜೆ. ಕುರ್ಚಿ ಎಳೆದುಕೊಂಡು ಕೂತು ಖಾಲಿ ಟ್ರ್ಯಾಕನ್ನು ನೋಡಿದ.

“ಡಾಕ್ಟರ್ ಹತ್ರ ಹೋಗಿದ್ದೆ. ನರದ ಕಾಯಿಲೆ ಅಂತೆ. ಮೊದ್ಲು ಕೈ, ಆಮೇಲೆ ಕಾಲು, ಆಮೇಲೆ ಮಾತು. ಒಂದೊಂದೇ ಪಾರ್ಟು ಕಳಚ್ತಾ ಹೋಗುತ್ತೆ. ತಲೆ ಮಾತ್ರ ಗಟ್ಟಿಯಾಗಿರುತ್ತಂತೆ. ಎಲ್ಲಾ ನೋಡ್ತಾ ಇರಬಹುದು.”

“ಔಷಧಿ?”

“ಇಲ್ಲ.”

ಪಕ್ಕದ ಮನೆಯ ಸುದ್ದಿ ಹೇಳುವಂತೆ ಹೇಳಿದ. ಆಮೇಲೆ, “ನೋಡು ಮೈಕಮ್ಮ, ನಿನಗೊಂದು ಮಾತು ಹೇಳ್ಬೇಕು ಅಂತ ಬಹಳ ದಿನದಿಂದ ಇತ್ತು. ಈಗ ಹೇಳಲ್ಲ. ನೀನು ಬೇರೆ ಗಾಡಿ ನೋಡ್ಕೋ,” ಎಂದ. ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

“ಮೂರು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲ, ಆಗ ಏನಾಗಿತ್ತು ನಿನಗೆ? ಈಗ ಬಂದು ಹೋಗು ಅಂತೀಯ? ನಾನೇನು ನಿನ್ನ ಶೆಡ್ಡಲ್ಲಿರೋ ಗಾಡೀನಾ, ನೀನು ತಳ್ಳಿದ ಕಡೆ ಹೋಗೋಕೆ? ನಂಗೆ ನೀನೇ ಬೇಕು. ಕೈ ಇಲ್ದೆ ಇದ್ರೆ ಕೈ ಇಲ್ದೆ ಇರೋನೇ ಬೇಕು!”

ಅವನು ಕಣ್ಣೊರೆಸಿಕೊಳ್ಳಲು ಬಲಗೈ ಎತ್ತಿದ. ಅದು ಅರ್ಧಕ್ಕೇ ನಿಂತಿತು. ಅವಳು ಆ ಕೈ ಹಿಡಿದು ಅವನ ಮುಖದವರೆಗೆ ತಲುಪಿಸಿದಳು.

ಅವನ ಕಾಲು ನಡೆಯುವಷ್ಟು ದಿನ ಇಬ್ಬರೂ ಬೆಳಗಿನ ಹೊತ್ತು ದೊಡ್ಡಮ್ಮನನ್ನು ಹೊರಗೆ ತೆಗೆಯುತ್ತಿದ್ದರು. ಸ್ಟೀರಿಂಗ್ ಅವಳ ಕೈಯಲ್ಲಿ. ಅವಳು ಅದುವರೆಗೆ ಸೈಕಲ್ಲಿಗಿಂತ ದೊಡ್ಡದನ್ನು ಓಡಿಸಿದವಳಲ್ಲ.

“ಗಾಡೀನ ಬಯ್ಬೇಡ, ಕೇಳ್ಕೋ. ಕ್ಲಚ್ ಒತ್ತು, ಬಿಡು, ಮತ್ತೆ ಒತ್ತು. ಎರಡು ಸಲ ಕೇಳ್ಕೋಬೇಕು ಅವಳನ್ನ. ಹಳೇ ಕಾಲದ ಹೆಂಗಸು.”

ಗೇರು ಕರಕರ ಕಿರುಚಿತು. ಅವನು ಹಲ್ಲು ಕಚ್ಚಿದ.

“ನೋವಾಯ್ತಾ?” ಎಂದಳು.

“ನಂಗಲ್ಲ, ಅವಳಿಗೆ.”

ಅವನ ಮಾತು ಎಳೆಯತೊಡಗಿತ್ತು. ಕುಡಿದವನ ಮಾತಿನಂತೆ ಕೇಳುತ್ತಿತ್ತು. ಅಂಗಡಿಯವರು ಮೂಗು ಮುಚ್ಚಿಕೊಂಡಾಗ ಅವನು ನಗುತ್ತಿದ್ದ, ಅವಳು ನಗುತ್ತಿರಲಿಲ್ಲ. ಮುಂದಿನ ಚಳಿಗಾಲದ ಹೊತ್ತಿಗೆ ಅವನು ಗಾಲಿಕುರ್ಚಿಗೆ ಬಂದಿದ್ದ, ಮಾತು ಪೂರ್ತಿ ನಿಂತಿತ್ತು. ಅವಳು ಬಟ್ಟೆಬರೆ ತಂದು ಅವರ ಮನೆಯಲ್ಲೇ ಉಳಿದಳು. ಮದುವೆಯ ಮಾತು ಅವಳೇ ಎರಡು ಸಲ ಎತ್ತಿದಳು. ಎರಡು ಸಲವೂ ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಅದು ಬೇಡ ಎಂಬುದರ ಗುರುತು. ತನ್ನ ಹಿಂದೆ ಒಬ್ಬ ವಿಧವೆಯನ್ನು ಬಿಟ್ಟುಹೋಗಲು ಅವನಿಗೆ ಮನಸ್ಸಿರಲಿಲ್ಲ. ತಾಯಿ ಇದರಲ್ಲಿ ತಲೆ ಹಾಕಲಿಲ್ಲ. ಅವಳಿಗೊಂದು ದಿಂಬು ತಂದುಕೊಟ್ಟರು, ಅಷ್ಟೇ.

ಮಾತಾಡಲು ಒಂದು ದಾರಿ ಮಾಡಿಕೊಂಡಿದ್ದರು. ಅವಳು ಅಕ್ಷರಗಳ ಸಾಲು ಹೇಳುವುದು: ಅ, ಕ, ಚ, ಟ, ತ, ಪ, ಯ. ಅವನಿಗೆ ಬೇಕಾದ ಸಾಲು ಬಂದಾಗ ಅವನು ಕಣ್ಣು ಮಿಟುಕಿಸುವುದು. ಆಮೇಲೆ ಆ ಸಾಲಿನೊಳಗಿನ ಅಕ್ಷರಗಳು. ಅವಳಿಗೆ ತಾಳ್ಮೆ ಕಡಿಮೆ, ಅರ್ಧಕ್ಕೇ ಊಹಿಸಿಬಿಡುತ್ತಿದ್ದಳು.

ಒಮ್ಮೆ ಪ ಸಾಲಿಗೆ ಮಿಟುಕಿಸಿದ, ಅದರಲ್ಲಿ ಮ. ಕೊಂಬೂ ಬೇಕೆಂದ.

“ಮು… ಮುತ್ತಾ? ಹಾಡುಹಗಲಲ್ಲಿ? ಅಮ್ಮ ಒಳಗಿದಾರೆ!”

ಅವನು ಜೊಲ್ಲು ಸುರಿಯುವವರೆಗೆ ನಕ್ಕ. ಅವನಿಗೆ ಮೂಗು ತುರಿಸುತ್ತಿತ್ತು. ಅವಳು ತುರಿಸಿದಳು. ಆಮೇಲೆ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಕೇಳದಿದ್ದದ್ದನ್ನೂ ಕೊಟ್ಟಳು.

ವಸಂತದಲ್ಲಿ ಟ್ರ್ಯಾಕಿನವರು ಅವನಿಗೆ ಸನ್ಮಾನ ಇಟ್ಟುಕೊಂಡರು. ಪ್ರೇಕ್ಷಕರ ಸ್ಟ್ಯಾಂಡ್ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಅವನ ಗಾಲಿಕುರ್ಚಿ, ಪಕ್ಕದಲ್ಲಿ ಮೈಕು ಹಿಡಿದು ಅವಳು. ಅವನು ಏನು ಹೇಳುತ್ತಾನೋ ಅದನ್ನು ಅವಳು ಜನಕ್ಕೆ ಹೇಳಬೇಕೆಂದು ಮಾತಾಗಿತ್ತು. ಹಿಂದಿನ ದಿನವೇ ಅವನು ನಾಲ್ಕು ಸಾಲು ಬರೆಸಿದ್ದ, ಎಲ್ಲರಿಗೂ ವಂದನೆ, ಮೆಕ್ಯಾನಿಕ್‌ಗೆ ಒಂದು ಗೇಲಿ. ಅದನ್ನು ಓದಲು ಬಗ್ಗಿದಾಗ ಅವನು ಕಣ್ಣು ಬಿಗಿಯಾಗಿ ಮುಚ್ಚಿ ತೆಗೆದ. ಬೇಡ. ಬೇರೆ ಹೇಳುವುದಿದೆ.

ಅವಳು ಮೈಕನ್ನು ಕೆಳಗಿಳಿಸಿ ಅವನ ಕಿವಿಯ ಬಳಿ ಸಾಲು ಹೇಳತೊಡಗಿದಳು. ಸ್ಟ್ಯಾಂಡ್ ನಿಶ್ಶಬ್ದವಾಗಿ ಕಾಯುತ್ತಿತ್ತು.

ಪ ಸಾಲು. ಪ, ಫ, ಬ, ಭ. ಮಿಟುಕಿಸಿದ.

“ಭರ್ಜರಿ?” ಎಂದಳು ಮೆಲ್ಲಗೆ, ನಗುತ್ತ. ಅಲ್ಲ.

ಮತ್ತೆ ಮೊದಲಿನಿಂದ. ಅ, ಕ, ಚ, ಟ, ತ, ಪ, ಯ. ಯ ಸಾಲು. ಅದರ ಮೊದಲ ಅಕ್ಷರವೇ. ಆಮೇಲೆ ಅವನು ಕಣ್ಣು ಅಲುಗಿಸಲಿಲ್ಲ. ಅವಳನ್ನೇ ನೋಡಿದ.

ಭಯ.

ಗೋಡೆಗೂ ಚಕ್ರಕ್ಕೂ ನಡುವೆ ಅಂಗೈ ಜಾಗದಲ್ಲಿ ನುಗ್ಗುತ್ತಿದ್ದವನು. ಕಾಯಿಲೆ ಬಂದ ಮೇಲೂ ಒಂದು ದಿನವೂ ಕೊರಗದವನು. ಅವಳ ಕೈಯಲ್ಲಿ ಮೈಕು ತಣ್ಣಗಾಯಿತು. ಕೆಳಗೆ ಮುಂದಿನ ಸಾಲಿನಲ್ಲಿ ಅವನ ತಾಯಿ, ಅವರ ಹಿಂದೆ, ಅವನನ್ನು ನೋಡಿಯೇ ರೇಸಿಗೆ ಸೇರಿದ ಹುಡುಗರು, ಎಲ್ಲರೂ ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಇದನ್ನು ಅವನು ಅವರಿಗೆ ಹೇಳಿದ್ದಲ್ಲ, ತನಗೊಬ್ಬಳಿಗೇ ಹೇಳಿದ್ದು ಎಂದು ಅವಳಿಗೆ ಗೊತ್ತಾಯಿತು. ಅಷ್ಟು ಜನರ ನಡುವೆ, ಇನ್ನು ತಡೆಯಲಾಗದೆ ಹೇಳಿದ್ದ.

ಅವಳು ಮೈಕು ಎತ್ತಿದಳು.

“ಸಾಹುಕಾರರು ಹೇಳ್ತಿದಾರೆ, ಭಾಷಣ ಬೇಗ ಮುಗಿಸಿ ಅಂತ. ಹೊರಗೆ ದೊಡ್ಡಮ್ಮನ ಇಂಜಿನ್ ಆನ್ ಇಟ್ಟು ಬಂದಿದಾರಂತೆ. ಅವಳು ಮುನಿಸ್ಕೊಂಡ್ರೆ ನಿಮ್ಮಲ್ಲಿ ಹತ್ತು ಜನ ತಳ್ಬೇಕಾಗುತ್ತೆ!”

ಸ್ಟ್ಯಾಂಡ್ ಸಿಡಿದಂತೆ ನಕ್ಕಿತು. ಅವನೂ ನಕ್ಕ. ಕಾಯಿಲೆಯ ನಗು ಅದು, ಶುರುವಾದರೆ ನಿಲ್ಲದು, ಯಾವಾಗ ಅಳುವಾಗುತ್ತದೆಂದು ಹೇಳಲಾಗದು. ಚಪ್ಪಾಳೆಯ ಸದ್ದಿನಲ್ಲಿ ಅವಳು ಕರವಸ್ತ್ರದಿಂದ ಅವನ ಮುಖ ಮರೆ ಮಾಡಿ, ಕಿವಿಯಲ್ಲಿ, “ನಾನಿದೀನಿ,” ಎಂದಳು.

ಆ ಸಂಜೆ ಕೋಣೆಯ ಬಾಗಿಲು ಹಾಕಿ ಕೇಳಿದಳು: “ಯಾವುದಕ್ಕೆ ಭಯ? ಸಾಯೋದಕ್ಕಾ?”

ಅಲ್ಲ. ಅ ಸಾಲಿನಿಂದ ಉ. ಆಮೇಲೆ ಯ ಸಾಲಿನಿಂದ ಸ. ಈ ಸಲ ಅವಳು ಊಹಿಸಲಿಲ್ಲ, ಕೊನೆಯವರೆಗೂ ಕಾದಳು. ಉಸಿರು. ಉಸಿರು ಸಿಗದೆ ಒದ್ದಾಡುವುದು, ಕೂಗಲೂ ಆಗದೆ.

ಮರುದಿನ ಅವಳು ಡಾಕ್ಟರನ್ನು ಮನೆಗೇ ಕರೆತಂದಳು. “ನಂಗೆ ಹೇಳ್ಬೇಡಿ, ಅವನಿಗೆ ಹೇಳಿ,” ಎಂದಳು. ಡಾಕ್ಟರ್ ಹಾಸಿಗೆಯ ಅಂಚಿನಲ್ಲಿ ಕೂತು ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು: “ಒದ್ದಾಡೋಕೆ ಬಿಡಲ್ಲ. ಅದಕ್ಕೆ ಔಷಧಿ ಇದೆ. ನಿದ್ದೆ ಬಂದ ಹಾಗೆ ಇರುತ್ತೆ.” ಅವಳು ಅದನ್ನು ಇನ್ನೊಮ್ಮೆ ಹೇಳಿಸಿದಳು.

ಆಮೇಲಿನ ದಿನಗಳಲ್ಲಿ ಅವಳ ಕೈ ಅವನ ಎದೆಯ ಮೇಲೆಯೇ ಇರುತ್ತಿತ್ತು. ಊಟ ಮಾಡುವಾಗ ಎಡಗೈ, ನಿದ್ದೆಯಲ್ಲಿ ಬಲಗೈ.

ಡಾಕ್ಟರ್ ಮಾತು ಉಳಿಸಿಕೊಂಡರು. ಬೇಸಿಗೆಯ ಒಂದು ಮಧ್ಯಾಹ್ನ, ಕಿಟಕಿಯಿಂದ ಯಾರದೋ ಮನೆಯ ರೇಡಿಯೋ ಕೇಳುತ್ತಿದ್ದಾಗ, ಅವಳ ಅಂಗೈ ಕೆಳಗಿನ ಎದೆ ಏಳುವುದು ನಿಧಾನವಾಯಿತು. ಒದ್ದಾಟವಿರಲಿಲ್ಲ. ಕಣ್ಣು ಅರ್ಧ ತೆರೆದಿತ್ತು. ಏನಾದರೂ ಹೇಳಬೇಕೇನೋ ಎಂದು ಅವಳು ಬಗ್ಗಿ ಸಾಲು ಹೇಳಿದಳು. ಅ, ಕ, ಚ, ಟ, ತ, ಪ, ಯ. ಇನ್ನೊಮ್ಮೆ ಹೇಳಿದಳು, ಇನ್ನೂ ನಿಧಾನವಾಗಿ. ಯಾವ ಸಾಲಿಗೂ ಅವನು ಮಿಟುಕಿಸಲಿಲ್ಲ.

ವರ್ಷ ತುಂಬಿದಾಗ ಟ್ರ್ಯಾಕಿನಲ್ಲಿ ನೆನಪಿನ ಸಭೆ ನಡೆಯಿತು. ಅವಳು ತಾಯಿಯನ್ನು ದೊಡ್ಡಮ್ಮನಲ್ಲಿ ಕೂರಿಸಿಕೊಂಡು ತಾನೇ ಓಡಿಸಿಕೊಂಡು ಹೋದಳು. ದಾರಿಯುದ್ದಕ್ಕೂ, ಸಭೆಗೆ ಹೊರಟಿದ್ದ ಹಳೆಯ ಕಾರುಗಳವರು ಹಾರ್ನ್ ಮಾಡಿ ದಾರಿ ಬಿಟ್ಟರು. ತಾಯಿ ಹೊಗೆಗೆ ಸೆರಗು ಅಡ್ಡ ಹಿಡಿದು ಕೂತಿದ್ದರು, ಬೈಯಲಿಲ್ಲ.

ವೇದಿಕೆಯ ಮೇಲೆ ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಸಾಹುಕಾರನಿಗೆ ಭಯ ಅನ್ನೋದೇ ಗೊತ್ತಿರಲಿಲ್ಲ ಎಂದರು. ಸಾಯೋ ಕಾಲಕ್ಕೂ ದೊಡ್ಡಮ್ಮನ ಇಂಜಿನ್ ಅಂತ ನಗಿಸಿದ ಗಂಡಸು ಎಂದರು. ಜನ ಆ ಜೋಕಿಗೆ ಮತ್ತೆ ನಕ್ಕು, ಮತ್ತೆ ಕಣ್ಣೊರೆಸಿಕೊಂಡರು.

ತಾಯಿ ಅವಳ ಕಡೆಗೆ ಬಾಗಿದರು. “ಆ ಮಾತು ಅವನದಲ್ಲ, ಅಲ್ವಾ?”

ಅವಳು ಬೆಚ್ಚಿದಳು.

“ನನ್ನ ಮಗ ಕಣೇ. ಅವನ ಜೋಕು ಇಷ್ಟು ಚೆನ್ನಾಗಿರ್ತಿರ್ಲಿಲ್ಲ. ಅವತ್ತು ಅವನು ಹೇಳಿದ್ದೇನು?”

ಅವಳು ತಲೆ ತಗ್ಗಿಸಿ ಹೇಳಿದಳು. ಎರಡೇ ಅಕ್ಷರ.

ತಾಯಿ ಟ್ರ್ಯಾಕಿನ ಕಡೆ ತಿರುಗಿದರು. “ನಾನು ದಿನಾ ಕೇಳ್ತಿದ್ದೆ, ಹೆಂಗಿದೀಯೋ ಅಂತ. ಆರಾಮು ಅಂತ ಕಣ್ಣು ಮಿಟುಕಿಸ್ತಿದ್ದ. ದಿನಾ.” ಆಮೇಲೆ ಅವಳನ್ನು ನೋಡಿ, “ನಿನ್ನ ಹತ್ರನಾದ್ರೂ ಹೇಳ್ಕೊಂಡ್ನಲ್ಲ,” ಎಂದರು.

ಅಷ್ಟರಲ್ಲಿ ಸಭೆಯವನೊಬ್ಬ ಬಗ್ಗಿ ಬಂದು ಪಿಸುಗುಟ್ಟಿದ: “ಅಮ್ಮಾ, ನೆನಪಿನ ಫಲಕ ಕೊಡ್ತಾರೆ. ಮನೆಯವರು ಯಾರು ಬರ್ತೀರಿ?”

“ನಂಗೆ ಮಂಡಿ ನೋವು,” ಎಂದರು ತಾಯಿ. “ನನ್ನ ಸೊಸೆ ಬರ್ತಾಳೆ.”

ಅವನು ಒಮ್ಮೆ ಇವರನ್ನು, ಒಮ್ಮೆ ಅವಳನ್ನು ನೋಡಿದ. ತಾಯಿ ಅವಳ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ತಳ್ಳಿದರು.

ಅವಳು ಮೆಟ್ಟಿಲು ಹತ್ತಿ ಫಲಕ ತೆಗೆದುಕೊಂಡಳು. ಯಾರೋ ಮೈಕನ್ನು ಅವಳ ಬಾಯಿಯ ಮಟ್ಟಕ್ಕೆ ಇಳಿಸಿದರು. ಸ್ಟ್ಯಾಂಡ್ ಕಾಯುತ್ತಿತ್ತು. ಇಷ್ಟು ವರ್ಷ ಈ ಜನಕ್ಕೆ ಮಾತು ಹಂಚಿದವಳು ಅಂದು ಬಾಯಿ ತೆರೆಯಲಿಲ್ಲ. ಮೈಕಿನಿಂದ ಪಕ್ಕಕ್ಕೆ ಸರಿದು, ತಲೆಬಾಗಿ, ಇಳಿದು ಬಂದು ಅತ್ತೆಯ ಪಕ್ಕದಲ್ಲಿ ಕೂತಳು.