ಸಬ್‌ಮರೀನ್ ಬ್ಯಾಡ್ಜಿನ ನೀರು

ಅದು ಇವತ್ತೂ ಒದ್ದೆಯಾಗಿತ್ತು.

ನಾಗಶ್ರೀ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಟ್ಯಾಂಕಿನ ಬ್ಯಾಡ್ಜು, ರೆಕ್ಕೆಯ ಬ್ಯಾಡ್ಜು, ಕೆಂಪು ನಕ್ಷತ್ರದ್ದು, ಎಲ್ಲ ಒಣಗಿಕೊಂಡೇ ಇದ್ದವು. ಸಬ್‌ಮರೀನ್ ಇದ್ದ ಒಂದರ ಮೇಲೆ ಮಾತ್ರ ನೀರು. ಬೆಳಿಗ್ಗೆ ಶಾಲೆಗೆ ಹೋಗುವಾಗ ತಾನೇ ಒರೆಸಿ ಇಟ್ಟಿದ್ದಳಲ್ಲ! ಹಿಂದಿನ ನಟ್ಟಿನ ಸಂದಿಯಲ್ಲಿ ಕಪ್ಪಗೆ ಏನೋ ಪುಟ್ಟದು ಅಂಟಿತ್ತು. ಹುಳವೋ ಏನೋ, ಮುಟ್ಟಲು ಧೈರ್ಯ ಬರಲಿಲ್ಲ.

"ಆಯೀ, ನನ್ನ ಡಬ್ಬಿ ಮುಟ್ಟಿದ್ಯನೇ?"

"ಯಂಗೆ ಅದೊಂದೇ ಕೆಲ್ಸ ಬಾಕಿ ಇತ್ತು ನೋಡು!" ಅಡುಗೆಮನೆಯಿಂದ ಅಮ್ಮನ ಉತ್ತರ ಬಂತು.

ಬ್ಯಾಡ್ಜುಗಳನ್ನೆಲ್ಲ ಕೊಟ್ಟವನು ಆಯಿಯ ಅಣ್ಣ ನಾಗಪತಿ ಮಾವ. ನೇವಿಯಲ್ಲಿದ್ದಾಗ ಸೋವಿಯತ್ ದೇಶಕ್ಕೆ ಟ್ರೇನಿಂಗಿಗೆ ಹೋಗಿ, ಅಲ್ಲಿಯ ಸೈನಿಕರ ಜೊತೆ ಅದಲುಬದಲು ಮಾಡಿಕೊಂಡು ತಂದದ್ದು. ಈಗ ರಿಟೈರ್ ಆಗಿ ಬಾಳೆಗುಳಿಯ ಈ ಮನೆಯಲ್ಲೇ ಇದ್ದಾನೆ. ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತು ಹಿಡಿಯುವುದನ್ನೂ ಅವನೇ ಕಲಿಸಿದ್ದ.

"ಮುಖ ನೋಡಿ ಮರುಳಾಗಡ ತಂಗಿ, ಬೆನ್ನು ನೋಡು. ಇಂಥದ್ದಕ್ಕೆ ತಿರುಪು ಇರ್ತು, ನಟ್ಟಿನ ಮೇಲೆ ಫ್ಯಾಕ್ಟರಿ ಹೆಸ್ರು ಇರ್ತು."

ಒಂದೊಂದರ ಹೆಸರೂ ಅವನ ನಾಲಿಗೆಯ ತುದಿಯಲ್ಲಿತ್ತು. ಸಬ್‌ಮರೀನಿನ ಸರದಿ ಬಂದಾಗ ಮಾತ್ರ "ಅದಾ? ಮರ್ತು ಹೋತು" ಎಂದು ಎದ್ದು ಹೋಗಿದ್ದ.

ಕ್ಲಾಸಿನ ಸಂದೇಶನಿಗೆ ಹೇಳಿದರೆ ಅವನು ಕಣ್ಣರಳಿಸಿದ. "ಆ ಸಬ್‌ಮರೀನ್ ಮುಳುಗಿರ್ಬೇಕು ಮಾರಾಯ್ತಿ! ಒಳಗಿದ್ದವ್ರು ಹೊರಗೆ ಬರೂಕೆ ನೋಡ್ತಾ ಇರ್ಬೇಕು. ಅದಕ್ಕೇ ನೀರು. ನಂಗೆ ಕೊಡು, ನನ್ನ ಪ್ಯಾರಾಶೂಟ್ ಬ್ಯಾಡ್ಜ್ ಕೊಡ್ತೆ."

ಅದನ್ನು ಅವನ ಚಿಕ್ಕಪ್ಪ ಗೋವಾದ ಬೀಚಿನಲ್ಲಿ ಒಬ್ಬ ರಷ್ಯನ್ ಟೂರಿಸ್ಟಿನಿಂದ ಕೊಂಡಿದ್ದ. ನಾಗಶ್ರೀಗೆ ಅದರ ಮೇಲೆ ಯಾವಾಗಿನಿಂದಲೂ ಕಣ್ಣು. ಜೊತೆಗೆ ಈ ಪೀಡೆಯೂ ತೊಲಗುತ್ತದೆ! ಶನಿವಾರ ಶಾಲೆ ಬಿಟ್ಟ ಕೂಡಲೇ ಕೊಡುವುದೆಂದಾಯಿತು.

ಶನಿವಾರ ಸಂದೇಶನನ್ನು ಗೇಟಿನಲ್ಲಿ ಸೈಕಲ್ ಸಮೇತ ನಿಲ್ಲಿಸಿ ಒಳಗೆ ಓಡಿದಳು. ಡಬ್ಬಿಯ ಮುಚ್ಚಳ ತೆರೆದಿತ್ತು. ಸಬ್‌ಮರೀನ್ ಇರಲಿಲ್ಲ.

ಮನೆಯಲ್ಲಿ ಸದ್ದೇ ಇಲ್ಲ. ನೆಲದ ಮೇಲೆ ಒದ್ದೆ ಹೆಜ್ಜೆಗಳು ಡಬ್ಬಿಯ ತನಕ ಬಂದು, ತಿರುಗಿ ಹಿತ್ತಿಲ ಬಾಗಿಲಿಗೆ ಹೋಗಿದ್ದವು. ನಾಗಶ್ರೀಯ ಮೈ ಜುಂ ಎಂದಿತು. ಬಾವಿಯ ಕಡೆ ಯಾರೋ ಪಿಸುಗುಡುತ್ತಿದ್ದರು.

"ಕಾಶ್ಯಪ ಗೋತ್ರದ ಕೋಲ್ಯ... ಕಾಶ್ಯಪ ಗೋತ್ರದ ಕೋಲ್ಯ..."

ಕಾಲತುದಿಯಲ್ಲಿ ಹಿತ್ತಿಲ ಬಾಗಿಲ ತನಕ ಹೋದಳು. ಬಾಗಿಲ ಸಂದಿಯಿಂದ ಇಣುಕಿದಳು.

ಒದ್ದೆ ಪಂಚೆ ಉಟ್ಟು ಮಾವ ಕೂತಿದ್ದ. ಎದುರಿಗೆ ತಾಮ್ರದ ಹರಿವಾಣ, ಅದರಲ್ಲಿ ಬ್ಯಾಡ್ಜು. ಅವನ ಅಂಗೈಯಿಂದ ಕರಿ ಎಳ್ಳು ಸೇರಿದ ನೀರು ಅದರ ಮೇಲೆ ಬೀಳುತ್ತಿತ್ತು. ಪಿತೃಪಕ್ಷದಲ್ಲಿ ಮಾವ ತೀರಿಹೋದವರಿಗೆ ದಿನಾ ಎಳ್ಳುನೀರು ಬಿಡುತ್ತಾನೆಂದು ಅವಳಿಗೆ ಗೊತ್ತಿತ್ತು. ಅಜ್ಜ, ಮುತ್ತಜ್ಜನಿಗೆ ಮಾತ್ರ ಎಂದುಕೊಂಡಿದ್ದಳು.

"ಕೋಲ್ಯ ಅಂದ್ರೆ ಯಾರು ಮಾವಾ?"

ಮಾವ ಬೆಚ್ಚಿಬಿದ್ದ. ಅಂಗೈಯಲ್ಲಿ ಉಳಿದ ನೀರನ್ನು ಹರಿವಾಣಕ್ಕೆ ಬಿಟ್ಟ.

"ರಷ್ಯಾದ ನನ್ನ ದೋಸ್ತ. ಇದು ಅವಂದೇ. ಸಬ್‌ಮರೀನಲ್ಲಿ ಹೋದಂವ ತಿರುಗಿ ಬರ್ಲಿಲ್ಲೆ. ಹಿಂದೆ ಮುಂದೆ ಯಾರೂ ಇಲ್ಲದಂವ. ಒಂದು ಫೋಟೋನೂ ಇಲ್ಲೆ ನನ್ನ ಹತ್ರ. ಯಾರಾದ್ರೂ ಒಬ್ರು ನೀರು ಕೊಡವು, ಅಲ್ದ?"

"ಅವ್ರಿಗೂ ಗೋತ್ರ ಇರ್ತಾ?"

"ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರವೇ ತಂಗಿ." ಮಾವ ಬ್ಯಾಡ್ಜನ್ನು ಪಂಚೆಯಲ್ಲಿ ಒರೆಸಿ ಚಾಚಿದ. "ನಿಂಗೆ ಕೊಟ್ಟದ್ದು ಇದು. ನಾನೇ ದಿನಾ ಹೇಳದೇ ತಗಂಡಿ, ಬೇಜಾರು ಮಾಡ್ಕಳಡ."

ಗೇಟಿನಲ್ಲಿ ಸೈಕಲ್ ಬೆಲ್ ಹೊಡೆಯಿತು. ನಾಗಶ್ರೀ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಅಲ್ಲೇ ಇರ್ಲಿ" ಎಂದು ಬರಿಗೈಯಲ್ಲಿ ಹೊರಗೆ ಬಂದಳು.

ಸಂದೇಶನ ಅಂಗೈಯಲ್ಲಿ ಪ್ಯಾರಾಶೂಟ್ ಮಿನುಗುತ್ತಿತ್ತು. ಎಷ್ಟು ಚಂದ ಇತ್ತು! ಅವಳಿಗೆ ಅಳುವೇ ಬಂದಂತಾಯಿತು.

"ಕೊಡೂಕೆ ಆಗೂದಿಲ್ಲ ಸಂದೇಶ. ಅದು ಕೋಲ್ಯ ಮಾವಂದು."

"ಅದ್ಯಾರು? ನಿಮ್ಮನೆಗೆ ಬಂದಿದ್ರಾ?"

ಹಿತ್ತಿಲಲ್ಲಿ ನೀರು ಬೀಳುವ ಸದ್ದು ಮತ್ತೆ ಶುರುವಾಗಿತ್ತು. ನಾಗಶ್ರೀ ಆ ಕಡೆ ತಿರುಗಿ ನೋಡಿದಳು. ಈಗ ಹೆದರಿಕೆ ಆಗಲಿಲ್ಲ.

"ಹೂಂ. ಪಿತೃಪಕ್ಷ ಮುಗಿಯೂವರೆಗೂ ಇರ್ತ್ರು."