ಜೇಡಿಯೆಂದು ಬಿಟ್ಟ ಸುಣ್ಣದಕಲ್ಲು

"ಅದು ಜೇಡಿಕಲ್ಲಲ್ಲ ಮೇಡಂ, ಎಣ್ಣೆ ಹಿಡಿಯೋ ಒಳ್ಳೆ ಸುಣ್ಣದಕಲ್ಲು."

ಮೀಟಿಂಗ್‌ನಲ್ಲಿ ಎಲ್ಲರೆದುರು ಅವನು ಹೇಳಿದ್ದು ಇಷ್ಟೇ. ಅವಳ ಕಿವಿ ಇನ್ನೂ ಬಿಸಿಯಾಗಿತ್ತು.

ಎಣ್ಣೆಬಾವಿಯೊಳಗೆ ಉಪಕರಣ ಇಳಿಸಿ ದಾಖಲಿಸಿದ ಗೆರೆಗಳನ್ನು ಓದುವುದು ಅವಳ ಕೆಲಸ. ಅದೇ ಬಾವಿಯಿಂದ ತೆಗೆದ ಕಲ್ಲನ್ನು ಕೊಯ್ದು ನೋಡುವುದು ಅವನದು. ಕಲ್ಲಿನ ವಿಕಿರಣ ಅಳೆಯುವ ಗಾಮಾ ಗೆರೆ ಜೇಡಿಯಲ್ಲಿ ಏರುತ್ತದೆ; ಹಾಗೆ ಏರಿದ ಪದರವನ್ನು ಅವಳು ಜೇಡಿ, ಎಣ್ಣೆಯಿಲ್ಲ ಎಂದು ಬರೆದಿದ್ದಳು. ಸಂಜೆ ವರದಿ ಹೋದರೆ ಬಾವಿಗೆ ಸಿಮೆಂಟ್ ತುಂಬಿ ಮುಚ್ಚಿಬಿಡುತ್ತಾರೆ.

ಅವಳು ಲ್ಯಾಪ್‌ಟಾಪ್ ಸಮೇತ ಲ್ಯಾಬಿಗೆ ನುಗ್ಗಿದಳು. "ಯಾವಾಗಿಂದ ಗೊತ್ತು ನಿಮಗೆ?"

"ಸೋಮವಾರದಿಂದ."

"ಸೋಮವಾರದಿಂದ! ನನ್ನ ಹತ್ರ ಬಾಯಿಬಿಡೋಕೆ ಏನಾಗಿತ್ತು? ಎಲ್ಲರ ಮುಂದೆ ಮಾನ ಕಳೀಬೇಕಿತ್ತಾ?"

ಅವನು ಕಲ್ಲನ್ನು ದೀಪದಡಿ ಸರಿಸಿದ. ಕೂದಲೆಳೆಯಂಥ ಬಿರುಕುಗಳು, ಅವುಗಳಲ್ಲಿ ಕಪ್ಪು ಕಲೆ. "ಬಿರುಕಲ್ಲಿ ಯುರೇನಿಯಂ ಕೂತಿದೆ. ಗಾಮಾ ಏರಿದ್ದು ಅದಕ್ಕೇ. ಜೇಡಿಯಾಗಿದ್ರೆ ಪೊಟ್ಯಾಸಿಯಂ, ಥೋರಿಯಂ ಕೂಡ ಏರಬೇಕಿತ್ತು. ಬೇರೆ ಬೇರೆ ಬಿಡಿಸಿ ನೋಡಿದ್ರಾ?"

ನೋಡಿರಲಿಲ್ಲ. ಮೂರೂ ಸೇರಿದ ಒಟ್ಟು ಗೆರೆಯನ್ನೇ ನಂಬಿಬಿಟ್ಟಿದ್ದಳು. ತಪ್ಪು ತನ್ನದೆಂದು ತಿಳಿದ ಮೇಲೆ ಸಿಟ್ಟು ಇಮ್ಮಡಿಯಾಯಿತು.

"ನಾನು ಕೇಳಿದ್ದಕ್ಕೆ ಉತ್ತರ ಕೊಡು."

ಅವಳು ಏಕವಚನಕ್ಕೆ ಇಳಿದದ್ದನ್ನು ಅವನು ಗಮನಿಸಿದ. ಕಣ್ಣು ಕಲ್ಲಿನ ಮೇಲೇ ಉಳಿಯಿತು. "ಹೇಳೋಕೇ ಬಂದಿದ್ದೆ. ನೀವು ಪೆನ್ಸಿಲ್ ಕಚ್ಕೊಂಡು ಸ್ಕ್ರೀನ್ ನೋಡ್ತಾ ಇದ್ರಿ. 'ಏನು?' ಅಂದ್ರಿ. 'ಏನಿಲ್ಲ' ಅಂತ ವಾಪಸ್ ಹೋದೆ. ಮಾರನೇ ದಿನಾನೂ ಅದೇ ಕಥೆ."

"ಕಲ್ಲಿನ ವಿಷಯ ಹೇಳೋಕೆ ಅಷ್ಟು ಹೆದರಿಕೆಯಾ?"

"ಬಾಯಿ ತೆಗೆದ್ರೆ ಕಲ್ಲಿನ ವಿಷಯಾನೇ ಬರುತ್ತೆ ಅಂತ ಗ್ಯಾರಂಟಿ ಇರ್ಲಿಲ್ಲ."

ಬೈಯಬೇಕೋ ನಗಬೇಕೋ ತಿಳಿಯದೆ ಅವಳು ಸ್ಟೂಲು ಎಳೆದು ಕುಳಿತಳು. "ನಿನ್ನ ನಾಚಿಕೆಗೆ ಒಂದು ಬಾವಿ ಮಣ್ಣುಪಾಲಾಗ್ತಿತ್ತಲ್ಲೋ ಮಹಾರಾಯ!"

ಲ್ಯಾಪ್‌ಟಾಪ್ ತೆರೆದು ಮೂರರ ಗೆರೆಗಳನ್ನೂ ಬೇರೆ ಬೇರೆ ಮಾಡಿದಳು. ಪೊಟ್ಯಾಸಿಯಂ, ಥೋರಿಯಂ ತಣ್ಣಗೆ ಮಲಗಿದ್ದವು. ಯುರೇನಿಯಂ ಒಂದೇ ಎದ್ದು ಕುಣಿದಿತ್ತು. ವರದಿಯಲ್ಲಿ ಜೇಡಿ ಎಂಬುದನ್ನು ಅಳಿಸಿ, ಮೊದಲ ಓದು ತನ್ನ ತಪ್ಪೆಂದು ಸೇರಿಸಿ ಕಳಿಸಿದಳು.

ತುಸು ಹೊತ್ತಿಗೆ ಬಾಸ್ ಫೋನು. "ಕೊನೇ ಗಳಿಗೇಲಿ ಜ್ಞಾನೋದಯನಾ? ಸರಿ, ಸಿಮೆಂಟ್ ನಿಲ್ಲಿಸಿದೀನಿ. ಆ ಪದರ ಟೆಸ್ಟ್ ಮಾಡೋಣ."

ಅವಳು ಫೋನಿಟ್ಟು ಲ್ಯಾಪ್‌ಟಾಪ್ ಮುಚ್ಚಿದಳು.

"ಇನ್ನೂ ಸಿಟ್ಟಾ?" ಎಂದ ಅವನು.

"ತುಂಬಾ. ಒಂದೇ ದಿನಕ್ಕೆ ಇಳಿಯೋ ಸಿಟ್ಟಲ್ಲ ಇದು."

"ಹಾಗಾದ್ರೆ ದಿನಾ ಬರ್ತೀನಿ."

ಸುಣ್ಣದ ಪುಡಿ ಮೆತ್ತಿದ ಅವನ ಬೆರಳುಗಳನ್ನು ಅವಳು ಹಿಡಿದುಕೊಂಡಳು. "ಬಂದು 'ಏನಿಲ್ಲ' ಅಂದ್ರೆ ನೋಡು ಮತ್ತೆ."