ಸುಣ್ಣಗಿರಿಯ ಗೋಲಿಮಣೆ

ಬಹಳ ಬಹಳ ಹಿಂದೆ, ಕಲ್ಲಿಗೂ ಕಿವಿಯಿದ್ದ ಕಾಲದಲ್ಲಿ, ಸುಣ್ಣಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದ ಪ್ರತಿ ಊರಿನ ಚಾವಡಿಯಲ್ಲೂ ಒಂದೊಂದು ಗೋಲಿಮಣೆ ಇತ್ತು.

ಗೋಲಿಮಣೆ ಎಂದರೆ ಗಾಜು ಮುಚ್ಚಿದ ಇಳಿಜಾರು ಮೇಜು. ಒಳಗೆ ಹಿತ್ತಾಳೆಯ ಮೊಳೆಗಳು, ಪುಟ್ಟ ಪುಟ್ಟ ಗಂಟೆಗಳು. ಪಕ್ಕದ ಹಿಡಿಯನ್ನು ಎಳೆದು ಬಿಟ್ಟರೆ ಉಕ್ಕಿನ ಗೋಲಿ ಮೇಲಕ್ಕೆ ಚಿಮ್ಮುತ್ತಿತ್ತು, ಗಂಟೆಗಳನ್ನು ಬಡಿಯುತ್ತ ಕೆಳಗಿಳಿಯುತ್ತಿತ್ತು. ಕೆಳಗೆ ಎರಡು ಮರದ ಕೈಗಳು. ಗುಂಡಿ ಒತ್ತಿದರೆ ಆ ಕೈಗಳು ಗೋಲಿಯನ್ನು ಮತ್ತೆ ಮೇಲಕ್ಕೆ ಒದೆಯುತ್ತಿದ್ದವು. ತಪ್ಪಿದರೆ ಗೋಲಿ ಗುಳುಂ ಎಂದು ಗುಳಿಗೆ ಬೀಳುತ್ತಿತ್ತು.

ಒಬ್ಬರಿಗೆ ಮೂರು ಗೋಲಿ. ಮೂರನೆಯದು ಬಿದ್ದ ಮೇಲೆ ಆಡಿದವರು ಪಕ್ಕಕ್ಕೆ ಸರಿದು, ಹಿಂದೆ ನಿಂತವರ ಕೈ ಹಿಡಿದು ತಂದು ಹಿಡಿಯ ಮೇಲೆ ಇಟ್ಟು, "ತಗೋ, ಇನ್ನು ನಿನ್ನ ಪಾಳಿ" ಎನ್ನಬೇಕು. ಇದು ಆ ರಾಜ್ಯದ ಪದ್ಧತಿ. ಹಿಂದೆ ನಿಂತು ನೋಡಲು ಒಬ್ಬರಾದರೂ ಇಲ್ಲದೆ ಅಲ್ಲಿ ಯಾರೂ ಆಡುತ್ತಿರಲಿಲ್ಲ. ಒಂಟಿಯಾಗಿ ಆಡುವುದು ಒಂಟಿಯಾಗಿ ನಗುವುದರಷ್ಟೇ ಹುಚ್ಚು ಎಂದು ಅವರ ಎಣಿಕೆ.

ಹೀಗಿರುವಾಗ ಜವರೇಂದ್ರ ಎಂಬ ಮಾಯಾವಿ ಬೆಟ್ಟದಿಂದ ಇಳಿದುಬಂದ. ಅವನು ರಾಜನ ಕಿವಿಯಲ್ಲಿ, "ಪ್ರಭು, ಜನ ಒಂದು ಕಡೆ ಸೇರಿ ಗಂಟೆ ಬಡಿದರೆ ಸಿಂಹಾಸನ ಅಲುಗುತ್ತದೆ" ಎಂದು ಊದಿದ. ಊದಿದ್ದನ್ನೆಲ್ಲ ನಂಬುವ ಕಿವಿ ನಮ್ಮ ರಾಜನದು. ಗೋಲಿಮಣೆಗಳೆಲ್ಲ ಗಾಡಿ ಏರಿ ಮಾಯಾವಿಯ ಬೆಟ್ಟ ಸೇರಿದವು. ಚಾವಡಿಗಳಲ್ಲಿ ಬಾವಲಿ ನೇತಾಡಿತು. ಜನ ತಮ್ಮ ತಮ್ಮ ಮನೆಗಳಲ್ಲಿ ಗೋಡೆಗೆ ಮುಖ ಮಾಡಿ ಕೂತರು. ಹಾಗೆ ಕೂತವರಿಗೆ ಕಾಲಿನಿಂದ ಸುಣ್ಣದ ಕಲ್ಲು ಏರತೊಡಗಿತು. ಎದೆ ಮುಟ್ಟಿದರೆ ಮುಗಿಯಿತು. ಮೊದಲು ಕಲ್ಲು ಏರಿದ್ದು ರಾಜನಿಗೇ, ಆದರೆ ಅವನ ದೊಡ್ಡ ಹೊಟ್ಟೆಯ ಬಳಿ ಅದು ತಡೆದು ನಿಂತಿತು. ಎಷ್ಟೋ ದಿನ ಅದು ಯಾರ ಗಮನಕ್ಕೂ ಬರಲಿಲ್ಲ.

ರಾಜಧಾನಿಯ ಚಾವಡಿಯ ಗೋಲಿಮಣೆಯನ್ನು ನೋಡಿಕೊಳ್ಳುತ್ತಿದ್ದವನು ಬೊಮ್ಮಣ್ಣ. ಕಲ್ಲು ಅವನ ಮೊಣಕಾಲಿಗೆ ಬಂದಿತ್ತು. ತಾಯಿಯಿಲ್ಲದ ಮಗಳು ದೇವೀರಿ ಅವನ ಕಾಲಿಗೆ ಬಿಸಿನೀರು ಸುರಿದಳು, ಎಣ್ಣೆ ತಿಕ್ಕಿದಳು, ಕೊನೆಗೆ ಅತ್ತಳು. ಕಲ್ಲು ಯಾವುದಕ್ಕೂ ಜಗ್ಗಲಿಲ್ಲ.

"ಅಪ್ಪ, ನಾನು ಹೋಗಿ ಗೋಲಿಮಣೆ ತರ್ತೀನಿ" ಎಂದಳು.

"ಬೇಡ ಕಣವ್ವ. ಹೋದೋರು ಯಾರು ಬಂದವ್ರೆ?"

"ಇಲ್ಲೇ ಕೂತು ನೀನು ಕಲ್ಲಾಗೋದ್ನ ನೋಡ್ಲಾ?"

ಬೊಮ್ಮಣ್ಣ ತಾನು ಬಚ್ಚಿಟ್ಟಿದ್ದ ಒಂದು ಉಕ್ಕಿನ ಗೋಲಿಯನ್ನು ತೆಗೆದು ಅವಳ ಸೆರಗಿನಲ್ಲಿ ಕಟ್ಟಿದ. "ಇದು ಬೆಚ್ಚಗಿರೋ ತನಕ ನಾನಿರ್ತೀನಿ. ತಣ್ಣಗಾದ್ರೆ ತಿರುಗಿ ಬರಬೇಡ. ಎಲ್ಲಾದ್ರೂ ದೂರ ಹೋಗಿ ಬದುಕ್ಕೊ" ಎಂದ.

ದೇವೀರಿ ಹೊರಟಳು. ನಡೆದಳು, ನಡೆದಳು, ಬೆಟ್ಟದ ಬುಡ ಸೇರಿದಳು. ಅಲ್ಲಿ ಹಿತ್ತಾಳೆ ಕೊಕ್ಕಿನ ಹದ್ದೊಂದು ದಾರಿಗೆ ಅಡ್ಡ ಕೂತಿತ್ತು. ಅದರ ಮುಂದೆ ಒಂದು ಗೋಲಿಮಣೆ. ಸುತ್ತ ಮೂಳೆಗಳು.

"ಆಡು. ನನ್ನ ರೆಪ್ಪೆ ಬಡಿಯುವವರೆಗೆ ಗೋಲಿ ಬೀಳಬಾರದು. ಬಿದ್ದರೆ ನಿನ್ನ ಕಣ್ಣು ನನಗೆ" ಎಂದಿತು ಹದ್ದು.

ಹದ್ದಿಗೆ ರೆಪ್ಪೆಯೇ ಇರಲಿಲ್ಲ. ದೇವೀರಿ ಆಡಿದಳು. ಒಂದು ಗೋಲಿ ಬಿತ್ತು, ಎರಡು ಬಿತ್ತು, ಮೂರನೆಯದೂ ಬಿತ್ತು. ಹೆದರಿಕೆಯಲ್ಲಿ ಅವಳಿಗೆ ಬೇರೇನೂ ತೋಚಲಿಲ್ಲ. ಹುಟ್ಟಿದಂದಿನಿಂದ ಬಂದ ಅಭ್ಯಾಸದಂತೆ ಪಕ್ಕಕ್ಕೆ ಸರಿದು, ಹದ್ದಿನ ರೆಕ್ಕೆ ಹಿಡಿದು ಹಿಡಿಯ ಮೇಲಿಟ್ಟು, "ತಗೋ, ಇನ್ನು ನಿನ್ನ ಪಾಳಿ" ಎಂದುಬಿಟ್ಟಳು.

ಹದ್ದು ದಂಗಾಯಿತು. ಗೋಲಿಮಣೆ ಕಾಯುವ ಕೆಲಸ ಅದಕ್ಕೆ ಸಿಕ್ಕಿತ್ತು, ಆಡುವ ಪಾಳಿ ಒಮ್ಮೆಯೂ ಸಿಕ್ಕಿರಲಿಲ್ಲ. ಕೊಕ್ಕಿನಿಂದ ಹಿಡಿ ಎಳೆಯಿತು. ಗಂಟೆ ಬಡಿಯಿತು. ಕಣ್ಣಿನ ಮಾತೇ ಅದಕ್ಕೆ ಮರೆತುಹೋಯಿತು. ದೇವೀರಿ ಮೆಲ್ಲಗೆ ದಾರಿ ಹಿಡಿದಳು.

ನಡುಬೆಟ್ಟದಲ್ಲಿ ಬಿಳಿಯ ಹುಲಿ ಕೂತಿತ್ತು. ಅದರ ಮುಂದೆಯೂ ಒಂದು ಗೋಲಿಮಣೆ. ಸುತ್ತ ಇನ್ನೂ ಹೆಚ್ಚು ಮೂಳೆಗಳು.

"ಆಡು. ನನಗೆ ನಿದ್ದೆ ಬರುವವರೆಗೆ ಗೋಲಿ ಬೀಳಬಾರದು. ಬಿದ್ದರೆ ನಿನ್ನ ಕತ್ತು ನನಗೆ" ಎಂದಿತು ಹುಲಿ.

ದೇವೀರಿಗೆ ಉಪಾಯ ಗೊತ್ತಾಗಿತ್ತಲ್ಲ, ಬೇಗ ಬೇಗ ಮೂರೂ ಗೋಲಿ ಬೀಳಿಸಿ, ಹುಲಿಯ ಪಂಜ ಹಿಡಿದು ಪಾಳಿ ಕೊಟ್ಟು ಹೊರಡಲು ನೋಡಿದಳು. ಹುಲಿ ಗುರ್ರೆಂದಿತು. "ಎಲ್ಲಿಗೆ? ನಾನು ಆಡುವಾಗ ಹಿಂದೆ ನಿಂತು ನೋಡುವವರು ಯಾರು?"

ಮಾತು ನ್ಯಾಯದ್ದೇ. ದೇವೀರಿ ಹಿಂದೆ ನಿಂತಳು. ಪಂಜ ದೊಡ್ಡದು, ಗುಂಡಿ ಚಿಕ್ಕದು. ಗೋಲಿ ಬಿದ್ದಾಗಲೆಲ್ಲ ಹುಲಿ ನಾಚಿ, "ಇದು ಲೆಕ್ಕಕ್ಕಿಲ್ಲ" ಎಂದು ಮತ್ತೆ ಆಡುತ್ತಿತ್ತು. ಸೆರಗಿನ ಗೋಲಿ ತಣ್ಣಗಾಗುತ್ತ ಬಂತು. ಆದರೂ ಹುಲಿಯ ಒಂದು ಗೋಲಿ ಒಂದು ಗಂಟೆಯನ್ನಾದರೂ ಬಡಿಯುವವರೆಗೆ ಅವಳು ನಿಂತೇ ಇದ್ದಳು. ಕೊನೆಗೆ ಟಿಣ್ ಎಂದಿತು. ಹುಲಿ ತೃಪ್ತಿಯಿಂದ ಮುಖ ನೆಕ್ಕಿಕೊಂಡು ಮಲಗಿತು.

ಬೆಟ್ಟದ ತುದಿಯಲ್ಲಿ ಮಾಯಾವಿಯ ಮನೆ. ಒಳಗೆ ದೊಡ್ಡ ಪಡಸಾಲೆ. ರಾಜ್ಯದ ಗೋಲಿಮಣೆಗಳೆಲ್ಲ ಸುಣ್ಣದ ಧೂಳು ಹೊದ್ದು ಅಲ್ಲಿ ಸಾಲಾಗಿ ನಿಂತಿದ್ದವು, ಹೆಣಗಳನ್ನು ಸಾಲಾಗಿ ಮಲಗಿಸಿದಂತೆ. ನಡುವೆ ಜವರೇಂದ್ರ ಒಬ್ಬನೇ ಆಡುತ್ತಿದ್ದ. ಅವನ ಗೋಲಿ ಗೋಲಿಮಣೆಗಳು ಬೆಟ್ಟ ಸೇರಿದಂದಿನಿಂದ ಬಿದ್ದೇ ಇರಲಿಲ್ಲ. ಅದು ಬೀಳದಿರುವಷ್ಟು ದಿನ ರಾಜ್ಯದಲ್ಲಿ ಕಲ್ಲು ಏರುತ್ತಲೇ ಇರುತ್ತಿತ್ತು. ಅವನ ಮಾಯೆಯೆಲ್ಲ ಅದರಲ್ಲೇ ಇತ್ತು. ಊಟವಿಲ್ಲ, ನಿದ್ದೆಯಿಲ್ಲ, ಅವನ ಮುಖದಲ್ಲಿ ಸಂತೋಷವಂತೂ ಇರಲೇ ಇಲ್ಲ.

ದೇವೀರಿ ಹಾರಿ ಅವನ ತೋಳು ಹಿಡಿದೆಳೆದಳು. ಮುಟ್ಟಿದ ಬೆರಳುಗಳು ಬೆಳ್ಳಗೆ ಕಲ್ಲಾದವು. ಕಿರುಚಿದಳು. ಅವನು ಕೇಳಿಸಿಕೊಳ್ಳಲೇ ಇಲ್ಲ. ಸೆರಗಿನ ಗೋಲಿ ಇನ್ನು ಎಳ್ಳಷ್ಟೇ ಬೆಚ್ಚಗಿತ್ತು. ಇನ್ನೇನೂ ಉಳಿಯದಾಗ ಅವಳು ಅವನ ಹಿಂದೆ ಒಂದು ಹೆಜ್ಜೆ ದೂರದಲ್ಲಿ, ಚಾವಡಿಯಲ್ಲಿ ನಿಲ್ಲುವ ಹಾಗೆ, ಕೈ ಕಟ್ಟಿ ನಿಂತಳು.

ಮಾಯಾವಿಯ ಬೆನ್ನು ನಡುಗಿತು. "ಹಿಂದೆ ಯಾರು?"

"ಪಾಳಿಗೆ ನಿಂತವಳು."

"ಇವತ್ತಾಗಲ್ಲ. ನಾಳೆ ಬಾ."

ದೇವೀರಿ ಬೆಚ್ಚಿದಳು. ಆ ಮಾತು, ಆ ರಾಗ, ಎರಡೂ ಅವಳಪ್ಪನವು. ದೀಪ ಹಚ್ಚುವ ಹೊತ್ತಿಗೆ ಚಾವಡಿಯ ಅಗಳಿ ಹಾಕುವಾಗ ಬೊಮ್ಮಣ್ಣ ಹಾಗೇ ಹೇಳುತ್ತಿದ್ದ.

"ಈ ಮಾತು ನಿನಗೆ ಹೇಳಿದ್ದು ಯಾರು?" ಎಂದು ಕೇಳಿದಳು.

"ಬೊಮ್ಮಣ್ಣ" ಎಂದ ಮಾಯಾವಿ, ಗೋಲಿಯಿಂದ ಕಣ್ಣು ತೆಗೆಯದೆ. "ಆಗ ನಾನು ಜವರೇಂದ್ರ ಅಲ್ಲ, ಊರಾಚೆ ಗೂಡಿನಲ್ಲಿ ಸುಣ್ಣ ಸುಡೋ ಜವರ. ಹೊತ್ತೆಲ್ಲಾ ಸುಣ್ಣ ಸುಟ್ಟು ಓಡೋಡಿ ಬರ್ತಿದ್ದೆ. ಸಾಲಿನ ಕೊನೇಲಿ ನಿಲ್ತಿದ್ದೆ. ನನ್ನ ಮುಂದಿನವನ ಮೂರನೇ ಗೋಲಿ ಬೀಳ್ತಿತ್ತು, ಅವನು ಕೈ ಚಾಚ್ತಿದ್ದ, ಅಷ್ಟೊತ್ತಿಗೆ ನಾಳೆ ಬಾ. ಎಷ್ಟು ನಾಳೆ ಹೇಳು? ಆ ಉರಿಗೇ ಬೆಟ್ಟ ಹತ್ತಿ ಮಾಯೆ ಕಲಿತೆ. ನಿಮ್ಮೂರ ಚಾವಡಿ ಗೋಡೆಗೆ ಬಳಿದದ್ದು ನನ್ನ ಸುಣ್ಣ. ಅದರೊಳಗೆ ನನಗೊಂದು ಪಾಳಿ ಇರಲಿಲ್ಲ."

ದೇವೀರಿಗೆ ನಾಚಿಕೆಯಾಯಿತು. ಅಪ್ಪನ ಮೇಲೆ ಸಿಟ್ಟು ಬಂತು. ಆ ಅಪ್ಪ ಸಾಯುತ್ತಿದ್ದಾನೆಂದು ದುಃಖವೂ ಉಕ್ಕಿತು. "ನಮ್ಮಪ್ಪ ಮಾಡಿದ್ದು ತಪ್ಪು" ಎಂದಳು. "ನೀನು ಮಾಡಿದ್ದೂ ತಪ್ಪು. ನಾನು ಹೋಗಲ್ಲ. ನೀನಾಡು, ನೋಡ್ತೀನಿ."

ಮಾಯಾವಿ ಆಡಿದ. ಗೋಲಿ ಗುಳಿಯ ಅಂಚಿಗೆ ಜಾರಿತು. ಮರದ ಎಡಗೈ ಅದನ್ನು ತಡೆಯಿತು, ಬಲಗೈ ಒದೆಯಿತು, ಗೋಲಿ ಮೇಲೇರಿ ಒಂದಾದ ಮೇಲೊಂದು ಗಂಟೆಗಳನ್ನೆಲ್ಲ ಬಡಿಯಿತು. ಅಂಥ ಆಟವನ್ನು ದೇವೀರಿ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಗೋಲಿಮಣೆಯ ಪಕ್ಕದಲ್ಲೇ ಬೆಳೆದವಳಿಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

"ಭಲೇ ಜವರಣ್ಣ!" ಎಂದು ಕೂಗಿಯೇಬಿಟ್ಟಳು.

ಹಾಗೆ ಅವನನ್ನು ಯಾರೂ ಕೂಗಿರಲಿಲ್ಲ. ಕೂಗಿದವರ ಮುಖ ನೋಡಲು ಅವನು ತಿರುಗಿದ. ಗೋಲಿ ಗುಳಿಗೆ ಬಿತ್ತು.

ಪಡಸಾಲೆಯ ಗಂಟೆಗಳೆಲ್ಲ ಒಮ್ಮೆಗೇ ಬಡಿದವು. ಧೂಳು ಉದುರಿತು. ಜವರೇಂದ್ರನ ಮಾಯೆ ಇಳಿದು, ಸುಣ್ಣಕ್ಕೆ ಬೆಂದ ಕೈಗಳ ಮುದುಕನೊಬ್ಬ ಅಲ್ಲಿ ಉಳಿದ. ಅವನು ಅಳುತ್ತ ಪಕ್ಕಕ್ಕೆ ಸರಿದು, ದೇವೀರಿಯ ಕೈ ಹಿಡಿದು ಹಿಡಿಯ ಮೇಲಿಟ್ಟ. "ತಗೋ ತಾಯಿ, ಇನ್ನು ನಿನ್ನ ಪಾಳಿ." ಸಾಲಿನ ಕೊನೆಯಿಂದ ನೋಡಿ ನೋಡಿ ಅವನು ಪದ್ಧತಿ ಕಲಿತಿದ್ದ. ಅವಳ ಬೆರಳುಗಳಿಗೆ ಜೀವ ಬಂತು.

"ಇಲ್ಲಿ ಅಲ್ಲ ಜವರಣ್ಣ. ಚಾವಡಿಯಲ್ಲಿ ಆಡ್ತೀನಿ" ಎಂದಳು ದೇವೀರಿ.

ಗಾಡಿಗಳು ಬೆಟ್ಟ ಇಳಿದವು. ಹುಲಿ ಒಂದನ್ನು ಎಳೆಯಿತು, ಹದ್ದು ದಾರಿ ತೋರಿತು, ಕೊನೆಯ ಗಾಡಿಯ ನೊಗಕ್ಕೆ ಜವರನೇ ಹೆಗಲು ಕೊಟ್ಟ. ಚಾವಡಿಗೊಂದು, ದೋಣಿಗಟ್ಟೆಯ ಮಂಟಪಕ್ಕೊಂದು, ರೋಗಿಗಳ ಛತ್ರಕ್ಕೊಂದು, ಹೀಗೆ ಗೋಲಿಮಣೆಗಳು ಜನ ಸೇರುವ ಜಾಗಗಳಲ್ಲೆಲ್ಲ ಇಳಿದವು. ಜನರ ಮೈಯಿಂದ ಕಲ್ಲು ಇಳಿಯಿತು. ರಾಜ ಎಚ್ಚರಗೊಂಡು ಊಟ ಕೇಳಿದ. ಆದರೆ ಎಷ್ಟೋ ಮನೆಗಳಲ್ಲಿ ಕಲ್ಲು ಆಗಲೇ ಎದೆ ಮುಟ್ಟಿತ್ತು. ಆ ಮನೆಗಳವರು ಗಂಟೆಯ ಸದ್ದು ಕೇಳಿ ಅತ್ತರು. ಬೊಮ್ಮಣ್ಣ ಬದುಕಿದ್ದ. ಕಲ್ಲು ಎದೆಯ ಹತ್ತಿರದಿಂದ ಇಳಿದು ಮೊಣಕಾಲಿನಲ್ಲಿ ನಿಂತಿತು. ಅಲ್ಲಿಂದ ಕೆಳಗೆ ಇಳಿಯಲೇ ಇಲ್ಲ.

ಅವನನ್ನು ಹೊತ್ತು ತಂದು ಚಾವಡಿಯ ಗೋಲಿಮಣೆಯ ಪಕ್ಕ ಕೂರಿಸಿದರು. ಊರೆಲ್ಲ ಸಾಲು ನಿಂತಿತು. ಸಾಲಿನ ಕೊನೆಯಲ್ಲಿ ಜವರ ನಿಂತಿದ್ದ. ಅವನ ಹತ್ತಿರ ಯಾರೂ ಸುಳಿಯಲಿಲ್ಲ. ಕಲ್ಲು ಎಸೆಯಬೇಕೆಂದವರೂ ಇದ್ದರು.

ಎಲ್ಲರೂ ಆಡಿದರು. ದೇವೀರಿಯೂ ಆಡಿದಳು. ದೀಪ ಹಚ್ಚುವ ಹೊತ್ತಾಯಿತು. ಯಾರೋ ಹೋಗಿ ಅಗಳಿಗೆ ಕೈ ಹಾಕಿದರು.

"ಮುಚ್ಚಬೇಡಿ" ಎಂದ ಬೊಮ್ಮಣ್ಣ. "ದೇವೀರಿ ಎಲ್ಲಾ ಹೇಳವ್ಳೆ ನಂಗೆ. ಬಾ ಜವರಣ್ಣ. ನಾನು ಎದ್ದು ಬರೋಕಾಗಲ್ಲ, ನೀನೇ ಹತ್ರ ಬಾ."

ಜವರ ಬಂದ. ಬೊಮ್ಮಣ್ಣ ಅವನ ಬೆಂದ ಕೈ ಹಿಡಿದು ಹಿಡಿಯ ಮೇಲಿಟ್ಟ. "ತಗೋ, ಇನ್ನು ನಿನ್ನ ಪಾಳಿ. ತಡ ಆಯ್ತು, ನನ್ನದೇ ತಪ್ಪು."

ಜವರ ಹಿಡಿ ಎಳೆದ, ಆದರೆ ಕೈಯಲ್ಲಿ ಈಗ ಮಾಯೆ ಇರಲಿಲ್ಲ. ಮೊದಲ ಗೋಲಿ ಒಂದು ಗಂಟೆಯನ್ನೂ ಮುಟ್ಟದೆ ಗುಳಿಗೆ ಬಿತ್ತು. ಎರಡನೆಯದೂ ಹಾಗೆಯೇ. ಮೂರನೆಯದೂ ಹಾಗೆಯೇ. ಯಾರೂ ನಗಲಿಲ್ಲ. ಜವರ ಪದ್ಧತಿಯಂತೆ ಪಕ್ಕಕ್ಕೆ ಸರಿದು, ಮುಂದಿನವರ ಕೈಗಾಗಿ ಹಿಂದಕ್ಕೆ ಕೈ ಚಾಚಿದ. ಸಾಲಿನ ಕೊನೆಯವನು ಅವನೇ ಆಗಿದ್ದರಿಂದ ಹಿಂದೆ ಯಾರೂ ಇರಲಿಲ್ಲ. ಚಾಚಿದ ಕೈ ಹಾಗೇ ಉಳಿಯಿತು.

ಆಗ ದೇವೀರಿ ಎದ್ದು ಹೋಗಿ ಅವನ ಹಿಂದೆ ನಿಂತಳು. ಅವಳ ಹಿಂದೆ, ಸ್ವಲ್ಪ ತಡೆದು, ಇನ್ನೊಬ್ಬರು ಬಂದು ನಿಂತರು.

ಅಂದಿನಿಂದ ಸುಣ್ಣಗಿರಿಯ ಯಾವ ಚಾವಡಿಗೂ ಅಗಳಿಯಿಲ್ಲ. ಅವರೆಲ್ಲ ಅಲ್ಲಿ ಸುಖವಾಗಿದ್ದರು, ಕಲ್ಲುಕಾಲಿನ ಬೊಮ್ಮಣ್ಣನೂ, ಸಾಲಿನ ಕೊನೆಯಲ್ಲೇ ನಿಲ್ಲುವ ಜವರನೂ. ನನ್ನ ಕತೆ ಮುಗಿಯಿತು, ಇನ್ನು ನಿಮ್ಮ ಪಾಳಿ.